ಓದಿಗೆ ಬಂದ ಮುಯ್ಯಿ

ಗುಳೇದಗುಡ್ಡ
೧೨ ಜನವರಿ ೨೦೨೫

ಚಿ. ದಾನೇಶ್ವರಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ, ಬರೆದಿದ್ದೇನೆ. ನಿಮ್ಮವ್ವನ ಮೊಣಕಾಲು, ನನ್ನ ಕಿವಿ ಇವೆರಡನ್ನು ಬಿಟ್ಟರೆ ಅದು ಸುಳ್ಳೂ ಅಲ್ಲ.

ಮೊನ್ನೆ ನೀನು ಅವ್ವನ ಜೊತೆ ವಿಡಿಯೋ ಫೋನಿನಲ್ಲಿ ಅರ್ಧ ತಾಸು ಮಾತಾಡಿದೆ. ನಾನು ಪಕ್ಕದಲ್ಲೇ ಕೂತಿದ್ದೆ. ನಿನ್ನ ಬಾಯಿ ಆಡುವುದು ಕಂಡಿತು, ಮಾತು ಒಂದೂ ತಿಳಿಯಲಿಲ್ಲ. ಮೂವತ್ತು ವರ್ಷ ಪವರ್‌ಲೂಮಿನ ಪಕ್ಕ ನಿಂತವನ ಕಿವಿ, ದವಾಖಾನೆಯವರೂ ಕೈಬಿಟ್ಟಿದ್ದಾರೆ. ಅದಕ್ಕೇ ಈ ಪತ್ರದ ಉಸಾಬರಿ. ನಾನು ಬರೆದದ್ದನ್ನು ನಿನ್ನ ತಂಗಿ ಮಹೇಶ್ವರಿ ಫೋಟೋ ಹೊಡೆದು ಕಳಿಸುತ್ತಾಳೆ. ನೀನು ಬರೆದು ಕಳಿಸಿದ್ದನ್ನು ಬಾಗಲಕೋಟೆಗೆ ಕಾಲೇಜಿಗೆ ಹೋದಾಗ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ತಂದುಕೊಡುತ್ತಾಳೆ. ಪತ್ರವೆಂದರೆ ಪುಸ್ತಕದ ಭಾಷೆಯಲ್ಲೇ ಇರಬೇಕು ಎಂದು ನಮ್ಮ ಸಾಲಿ ಮಾಸ್ತರು ಬಡಿಗೆ ಹಿಡಿದು ಕಲಿಸಿದ್ದು. ಬೇರೆಯದೆಲ್ಲ ಮರೆತೆ, ಅದೊಂದು ಮರೆತಿಲ್ಲ.

ನೀನು ಅವ್ವನಿಗೆ ಹೇಳಿದ್ದನ್ನು ಮಹಿ ಮಗ್ಗದ ಹಳೆಯ ನಕ್ಷೆಯ ರಟ್ಟಿನ ಹಿಂದೆ ಬರೆದು ತೋರಿಸಿದಳು. ಜರ್ಮನಿಯಲ್ಲಿ ಇರುವ ಪರವಾನಗಿ ಮೇ ಮೂವತ್ತೊಂದಕ್ಕೆ ಮುಗಿಯುತ್ತದೆ. ಓದು ಇನ್ನೂ ಉಳಿದಿದೆ. ಇನ್ನೊಂದು ವರ್ಷಕ್ಕೆ ಪರವಾನಗಿ ಬೇಕಾದರೆ ಖಾತೆಯಲ್ಲಿ ಹನ್ನೊಂದು ಲಕ್ಷ ತೋರಿಸಬೇಕು. ನಿನ್ನ ಹತ್ತಿರ ನಾಲ್ಕಿದೆ. ಮೊದಲ ಸಲ ಹಿತ್ತಲ ಜಾಗ ಹೋಯಿತು, ಎರಡನೆಯ ಸಲ ಅವ್ವನ ಬಂಗಾರ ಹೋಯಿತು, ಈಗ ಇದು.

ನಮ್ಮ ಮಗ್ಗ ರಿಪೇರಿ ಮಾಡುವ ಮುರ್ತುಜಸಾಬ ರಟ್ಟಿನ ಮೇಲೆ ಬರೆದು ಕೇಳಿದ, “ಅಲ್ಲಿ ಫೀ ಇಲ್ಲಂತ ಹೇಳಿದ್ದೆಲ್ಲೋ ಶ್ರೀಶೈಲಪ್ಪಾ, ಮತ್ತ ರೊಕ್ಕ ಯಾಕ?” “ಓದಾಕ ರೊಕ್ಕ ಬ್ಯಾಡ ಸಾಬ, ಇರಾಕ ಬೇಕು” ಎಂದೆ.

ಹೆದರಬೇಡ. ಒಂದು ದಾರಿ ಕಂಡಿದೆ. ಸಪ್ಪಳವಿಲ್ಲದ ಮಗ್ಗ ಮಾಡುತ್ತೇನೆ ಎಂದು ಹೇಳಿ ಹೋದವಳು ನೀನು, ಅದನ್ನು ನಾನು ಓಣಿಗೆಲ್ಲ ಹೇಳಿ ಕೂತಿದ್ದೇನೆ. ನೀನು ಓದು, ಉಳಿದದ್ದು ನನಗೆ ಬಿಡು.

ನಿನ್ನ ಅಪ್ಪ,
ಶ್ರೀಶೈಲ


ಜರ್ಮನಿ
೨೦ ಜನವರಿ ೨೦೨೫

ಅಪ್ಪಾ,

ನಿನ್ನ ಅಕ್ಷರ ನೋಡಿಯೇ ಅರ್ಧ ಹೊಟ್ಟೆ ತುಂಬಿತು. ಇನ್ನರ್ಧಕ್ಕೆ ಇಲ್ಲಿ ಬ್ರೆಡ್ಡು ಇದೆ. ಶನಿವಾರ, ಭಾನುವಾರ ನಾನು ಕೆಲಸ ಮಾಡುವುದೂ ಬ್ರೆಡ್ಡಿನ ಕಾರ್ಖಾನೆಯಲ್ಲೇ, ಪೊಟ್ಟಣ ಕಟ್ಟುವುದು. ಒಳಗೆ ಹೋಗುವ ಮುಂಚೆ ಬಾಗಿಲಲ್ಲೇ ಎಲ್ಲರಿಗೂ ಕಿವಿಗೆ ಹಾಕಿಕೊಳ್ಳುವ ಬೆಂಡು ಪುಗಸಟ್ಟೆ ಕೊಡುತ್ತಾರೆ. ಹಾಕಿಕೊಳ್ಳದಿದ್ದರೆ ಒಳಗೆ ಬಿಡುವುದಿಲ್ಲ. ಎರಡು ರೂಪಾಯಿಯ ಬೆಂಡು ಅಪ್ಪಾ. ಅದನ್ನು ಹಿಸುಕಿ ಕಿವಿಗೆ ಹಾಕುವಾಗಲೆಲ್ಲ ನಿನ್ನ ಮೇಲೆ, ನಿನ್ನ ಮಾಲಕರ ಮೇಲೆ, ಎಲ್ಲರ ಮೇಲೆ ಸಿಟ್ಟು ಬರುತ್ತದೆ.

ಫೆಬ್ರುವರಿ ಇಪ್ಪತ್ತೇಳಕ್ಕೆ ನನ್ನ ಪರೀಕ್ಷೆ. ಯಂತ್ರಗಳ ಕಂಪನ ಮತ್ತು ಸಪ್ಪಳದ ವಿಷಯ. ಇದೊಂದು ಆದರೆ ಉಳಿದದ್ದು ಪ್ರಾಜೆಕ್ಟ್ ಮಾತ್ರ.

ದಾರಿ ಕಂಡಿದೆ ಎಂದು ಬರೆದಿದ್ದೀ. ಯಾವ ದಾರಿ? ಮಗ್ಗ ಮಾರಬೇಡ. ಸಾಲವನ್ನೂ ಮಾಡಬೇಡ.

ನಿನ್ನ,
ದಾನೇಶ್ವರಿ


ಗುಳೇದಗುಡ್ಡ
೯ ಫೆಬ್ರುವರಿ ೨೦೨೫

ಚಿ. ದಾನವ್ವನಿಗೆ ಅಪ್ಪನ ಆಶೀರ್ವಾದ.

ಸಾಲವೂ ಇಲ್ಲ, ಭಿಕ್ಷೆಯೂ ಇಲ್ಲ. ನಮ್ಮದೇ ಹಣ, ಮಂದಿಯ ಮನೆಯಲ್ಲಿದೆ, ಅದನ್ನು ತರುವುದು ಅಷ್ಟೇ.

ಇಪ್ಪತ್ತೈದು ವರ್ಷದಲ್ಲಿ ನಾನು ಎಷ್ಟು ಲಗ್ನ ಉಂಡಿದ್ದೇನೆ, ನಿಮ್ಮವ್ವನನ್ನು ಕೇಳು. ಕಮತಗಿ, ಬಾದಾಮಿ, ಹುನಗುಂದ, ಇಳಕಲ್ಲ, ಎಲ್ಲಿ ಕರೆದರೂ ಹೋಗಿ ಮುಯ್ಯಿ ಬರೆಸಿ ಬಂದವನು. ಆದರೆ ಮುಯ್ಯಿಯನ್ನು ಮನೆಗೆ ಹೋಗಿ ತಿರುಗಿ ಕೊಡಿರೆಂದು ಕೇಳಲು ಬರುವುದಿಲ್ಲ. ಅದು ಸಾಲವಲ್ಲ. ನಮ್ಮ ಮನೆಯಲ್ಲಿ ಒಂದು ಕಾರ್ಯವಾದರೆ ಅವರಾಗಿಯೇ ಬಂದು, ಕೊಂಡದ್ದರ ಮೇಲೆ ಒಂದಿಷ್ಟು ಸೇರಿಸಿ ಬರೆಸಿ ಹೋಗುತ್ತಾರೆ. ಮುಯ್ಯಿ ಯಾವ ಕಾರ್ಯಕ್ಕೆ ಹೋಯಿತೋ ಅಂಥದೇ ಕಾರ್ಯಕ್ಕೆ ತಿರುಗಿ ಬರಬೇಕು, ಹಿರಿಯರು ಹಾಕಿದ ಪದ್ಧತಿ ಹಾಗಿದೆ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಒಂದೂ ಕಾರ್ಯವಾಗಿಲ್ಲ.

ವಾಸ್ತುಶಾಂತಿಗಳಿಗೂ ಮುಯ್ಯಿ ಬರೆಸಿದ್ದುಂಟು, ಮೊದಲು ಅದನ್ನೇ ಮಾಡೋಣ ಎಂದೆ. ನಿಮ್ಮವ್ವ ರಟ್ಟು ಕಸಿದುಕೊಂಡು ಬರೆದಳು: “ಹದಿನೆಂಟ ವರ್ಷದಿಂದ ಇದ್ದ ಮನಿಗೆ ಈಗೇನ ವಾಸ್ತು? ಮಂದಿ ನಗ್ತಾರ.”

ನೀನಂತೂ ಓದು ಮುಗಿಯುವ ತನಕ ಲಗ್ನ ಬೇಡ ಎಂದಿದ್ದೀ. ಆದ್ದರಿಂದ ಮಹಿಯ ಲಗ್ನ ಗೊತ್ತು ಮಾಡಿದ್ದೇನೆ. ಹುಡುಗ ರಾಹುಲ, ಕಮತಗಿಯವನು, ಸೊಸೈಟಿಯಲ್ಲಿ ಕೆಲಸ, ಚಟವಿಲ್ಲ. ಏಪ್ರಿಲ್ ಮೂವತ್ತು, ಬಸವ ಜಯಂತಿಯ ದಿನ, ಮಠದ ಸಾಮೂಹಿಕ ವಿವಾಹದಲ್ಲಿ ಹೆಸರು ಬರೆಸಿದ್ದೇನೆ. ತಾಳಿ, ಸೀರೆ, ಊಟ ಎಲ್ಲ ಮಠದ್ದೇ. ನಮಗೆ ದಮ್ಮಡಿ ಖರ್ಚಿಲ್ಲ. ಸಂಜೆ ಮನೆಯ ಮುಂದೆ ಪೆಂಡಾಲ ಹಾಕಿ ಕೂತರೆ ಮುಯ್ಯಿ ಬರುತ್ತದೆ. ಹೇಗಿದೆ ನಿಮ್ಮಪ್ಪನ ಇಂಜಿನಿಯರಿಂಗು?

ಮಹಿಯೂ ಹೂಂ ಅಂದಿದ್ದಾಳೆ.

ನಿನ್ನ ಅಪ್ಪ,
ಶ್ರೀಶೈಲ


ಜರ್ಮನಿ
೧೧ ಫೆಬ್ರುವರಿ ೨೦೨೫

ಅಪ್ಪಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನಾಲ್ಕು ಸಲವೂ ಅದರಲ್ಲಿ ಅದೇ ಇತ್ತು.

ಮಹಿಗೆ ಇಪ್ಪತ್ತು ವರ್ಷ. ಜೂನಿನಲ್ಲಿ ಅವಳ ಬಿ.ಎಸ್ಸಿ ಕೊನೆಯ ಪರೀಕ್ಷೆ. ಮುಂದೆ ಬಿ.ಇಡಿ ಮಾಡಿ ಸಾಲಿ ಟೀಚರ್ ಆಗಬೇಕೆಂದು ಅವಳು ಐದನೆಯ ಇಯತ್ತೆಯಿಂದ ಹೇಳುತ್ತಿದ್ದಾಳೆ, ಗೋಡೆಗೆಲ್ಲ ಪಾಠ ಹೇಳಿ ನಿನ್ನ ಮಗ್ಗದ ಚೌಕಟ್ಟಿಗೂ ಸುಣ್ಣದ ಕಡ್ಡಿಯಲ್ಲಿ ಲೆಕ್ಕ ಬರೆದವಳು. ನನ್ನ ಓದು ಮುಗಿಯಲು ಅವಳ ಓದು ನಿಲ್ಲಬೇಕೇ? ಅವಳನ್ನು ಕೊಟ್ಟು ಬಂದ ಹಣದಲ್ಲಿ ನಾನು ಇಲ್ಲಿ ಯಾವ ಮುಖ ಹೊತ್ತು ಕೂರಲಿ?

ಅವಳು ಹೂಂ ಅಂದಳು ಎಂದು ಬರೆದಿದ್ದೀ. ನಿನಗೆ ಹೇಗೆ ಕೇಳಿಸಿತು ಅಪ್ಪಾ?

ಬೇಡ. ನಿನ್ನ ಕಾಲು ಹಿಡಿದು ಕೇಳುತ್ತೇನೆ, ಬೇಡ.

ದಾನೇಶ್ವರಿ


ಗುಳೇದಗುಡ್ಡ
೨ ಮಾರ್ಚ್ ೨೦೨೫

ದಾನೇಶ್ವರಿಗೆ,

ನಿನ್ನ ಪತ್ರ ಓದಿ ಎರಡು ದಿನ ಉಣ್ಣಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಉಂಡೆ. ಉಪ್ಪು ಖಾರ ತಿಳಿಯಲಿಲ್ಲ.

ಕಿವುಡನಿಗೆ ಹೇಗೆ ಕೇಳಿಸಿತು ಎಂದು ಕೇಳಿದ್ದೀ. ಕೇಳಿಸಲಿಲ್ಲ. ರಟ್ಟಿನ ಮೇಲೆ “ಒಪ್ಪಿಗಿ ಐತೇನು?” ಎಂದು ಬರೆದು ಅವಳ ಮುಂದಿಟ್ಟೆ. ಅವಳು ಅದರ ಕೆಳಗೆ ಬರೆದಳು: “ಅಕ್ಕನ ಓದು ಮುಗೀತೈತೇನು?” ನಾನು “ಮುಗೀತೈತಿ” ಎಂದು ಬರೆದೆ. ತಲೆ ಆಡಿಸಿದಳು. ಇದಕ್ಕಿಂತ ಹೆಚ್ಚು ಯಾವ ತಂದೆ ಕೇಳುತ್ತಾನೆ?

ಮುರ್ತುಜಸಾಬನೂ ನಿನ್ನ ಪಕ್ಷ. “ಒಬ್ಬಾಕಿ ಕಣ್ಣ ಕಿತ್ತು ಇನ್ನೊಬ್ಬಾಕಿಗೆ ಕಾಡಿಗಿ ಹಚ್ಚಾಕ ಹೊಂಟೀಯೇನ್ಲೇ” ಎಂದು ಬರೆದು ಕೊಟ್ಟ. ಆ ರಟ್ಟನ್ನು ಒಲೆಗೆ ಹಾಕಿದೆ. ಅವನಿಗೇನು ಹೇಳಲಿ? ಈಗ ನೀನು ಅರ್ಧಕ್ಕೆ ಬಿಟ್ಟು ಬಂದರೆ ಹಿತ್ತಲೂ ಹೋಯಿತು, ಬಂಗಾರವೂ ಹೋಯಿತು, ಎರಡು ವರ್ಷವೂ ಹೋಯಿತು. ಇಬ್ಬರಲ್ಲಿ ಒಬ್ಬಳಾದರೂ ದಡ ಮುಟ್ಟಲಿ ಎಂದು ನಾನು ಒದ್ದಾಡುತ್ತಿದ್ದೇನೆ ಮಗಳೇ. ಕಲ್ಲೆದೆಯವನಲ್ಲ.

ಪರೀಕ್ಷೆ ಹೇಗೆ ಬರೆದೆ? ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ. ನಿನ್ನ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿಸಿದ್ದೇನೆ.

ಅಪ್ಪ


ಜರ್ಮನಿ
೬ ಮಾರ್ಚ್ ೨೦೨೫

ಮಹೀ,

ಈ ಹಾಳೆ ಅಪ್ಪನಿಗಲ್ಲ, ನಿನಗೆ. ಪ್ರಿಂಟ್ ತೆಗೆಸಬೇಡ.

ಹತ್ತು ದಿನದಿಂದ ಫೋನಿನಲ್ಲಿ ನನ್ನ ಜೊತೆ ಮಾತಾಡುತ್ತಿಲ್ಲ. ಅವ್ವನಿಗೆ ಕೊಟ್ಟು ಎದ್ದು ಹೋಗುತ್ತೀ, ಹಿಂದೆ ನಿನ್ನ ಬಳೆಯ ಸಪ್ಪಳ ಕೇಳಿಸುತ್ತದೆ. ನಿನಗೆ ಈ ಲಗ್ನ ಬೇಕೋ ಬೇಡವೋ? ಒಂದು ಮಾತು ಬರೆ. ನಿನಗೆ ಬೇಡವಾಗಿದ್ದರೆ ನಾನು ನಾಳೆಯೇ ಗಂಟು ಕಟ್ಟಿಕೊಂಡು ಬರುತ್ತೇನೆ, ಟಿಕೀಟಿಗೆ ಹಣ ಇದೆ.

ಅಕ್ಕ


ಜರ್ಮನಿ
೨೪ ಏಪ್ರಿಲ್ ೨೦೨೫

ಅಪ್ಪಾ,

ಇವತ್ತು ಬೆಳಿಗ್ಗೆ ಫಲಿತಾಂಶ ಬಂತು. ಫೇಲಾಗಿದ್ದೇನೆ.

ಪೂರ್ತಿ ಕೇಳು. ಇದೇ ವಿಷಯದಲ್ಲಿ ಹಿಂದೆ ಎರಡು ಸಲ ಫೇಲಾಗಿದ್ದೆ. ನಿಮಗೆ ಹೇಳಲಿಲ್ಲ. ಇಲ್ಲಿ ಮೂರು ಸಲ ಮಾತ್ರ ಬರೆಯಲು ಬಿಡುತ್ತಾರೆ. ಮೂರನೆಯದೂ ಹೋದರೆ ಹೆಸರು ತೆಗೆಯುತ್ತಾರೆ, ಈ ಓದನ್ನು ಈ ದೇಶದ ಬೇರೆ ಯಾವ ಕಾಲೇಜಿನಲ್ಲೂ ಮುಂದುವರಿಸಲು ಬರುವುದಿಲ್ಲ. ಮೊದಲ ವರ್ಷ ಖರ್ಚಿಗೆ ಸಾಲದೆ ವಾರವೆಲ್ಲ ಕಾರ್ಖಾನೆಗೆ ಹೋದೆ, ಕ್ಲಾಸು ತಪ್ಪಿತು. ತಪ್ಪಿದ್ದು ತಪ್ಪುತ್ತಲೇ ಹೋಯಿತು. ಮೂರನೆಯ ಸಲ ಪಾಸಾಗುತ್ತೇನೆ, ಹಿಂದಿನದು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಜನವರಿಯಲ್ಲೇ ಹೇಳಬೇಕಾಗಿತ್ತು. ನಾನು ಹೇಡಿ ಅಪ್ಪಾ.

ಈಗ ಹಣ ಬೇಡ. ಯಾವ ಓದಿಗೆ ನೀನು ಮಹಿಯನ್ನು ಕೊಡುತ್ತಿದ್ದೀಯೋ ಆ ಓದು ಇವತ್ತಿಗೆ ಮುಗಿಯಿತು. ಲಗ್ನ ನಿಲ್ಲಿಸು. ಇನ್ನೂ ಆರು ದಿನ ಇದೆ. ಮಂದಿ ಏನಾದರೂ ಅಂದುಕೊಳ್ಳಲಿ, ಎಲ್ಲವನ್ನೂ ನನ್ನ ತಲೆಗೆ ಹಾಕು. ಅವ್ವನಿಗೆ ಫೋನು ಮಾಡಿದೆ. “ಶಾವಿಗಿ ಹೊಸ್ಯಾಕ ಹೆಣಮಕ್ಕಳು ಬಂದಾರವ್ವಾ, ನಾಳೆ ಮಾತಾಡೂಣು” ಎಂದು ಇಟ್ಟಳು. ಅವಳ ದನಿಯಲ್ಲಿ ಅಷ್ಟು ಸಂತೋಷ ಇತ್ತು, ಮತ್ತೆ ಫೋನು ಮಾಡದೆ ಈ ಪತ್ರ ಬರೆಯಲು ಕೂತೆ.

ಮಹೀ, ಇದನ್ನು ಈಗಲೇ ತೆಗೆಸಿ ಅಪ್ಪನ ಕೈಗೆ ಕೊಡು. ನಾಳೆ ಅನ್ನಬೇಡ.

ದಾನೇಶ್ವರಿ


ಜರ್ಮನಿ
೨೭ ಏಪ್ರಿಲ್ ೨೦೨೫

ಅಪ್ಪಾ,

ಮಹಿ ಫೋನಿಗೆ ಒಂದೇ ಸಾಲು ಬರೆದಿದ್ದಾಳೆ: “ಅಪ್ಪ ಓದಿದ. ಸುಮ್ಮನಿರು ಅಂದ.” ಆಮೇಲೆ ಮನೆಯಲ್ಲಿರುವ ಆ ಒಂದೇ ಫೋನು ಬಂದ್ ಆಗಿದೆ.

ಸುಮ್ಮನಿರು ಎಂದರೆ ಏನು ಅಪ್ಪಾ? ಲಗ್ನ ನಿಂತಿತೋ ಇಲ್ಲವೋ? ಬೈದು ನಾಲ್ಕು ಸಾಲು ಬರೆ. ನನ್ನ ಮುಖ ನೋಡುವುದಿಲ್ಲ ಎಂದಾದರೂ ಬರೆ. ಸುಮ್ಮನಿರು ಅನ್ನಬೇಡ.

ದಾನೇಶ್ವರಿ


ಗುಳೇದಗುಡ್ಡ
೪ ಮೇ ೨೦೨೫

ಚಿ. ದಾನವ್ವನಿಗೆ ಅಪ್ಪನ ಆಶೀರ್ವಾದ.

ಫೆಬ್ರುವರಿಯ ಆ ಸಿಟ್ಟಿನ ಪತ್ರದ ಮೇಲೆ ನಿನ್ನಿಂದ ಒಂದಕ್ಷರ ಇಲ್ಲ. ಮುನಿಸು ಇನ್ನೂ ಹೋಗಿಲ್ಲವೇ? ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ, ಅಕ್ಕ ಚೆನ್ನಾಗಿ ಬರೆದಿದ್ದಾಳೆ ಎಂದು ಮಹಿ ರಟ್ಟಿನ ಮೇಲೆ ತಿಳಿಸಿದ್ದಳು. ಮಹಿ ಈಗ ಕಮತಗಿಯಲ್ಲಿ. ಈ ಪತ್ರವನ್ನು ಮುರ್ತುಜಸಾಬನ ಮಗಳು ಮುಬಶೀರಾ ಕಳಿಸುತ್ತಿದ್ದಾಳೆ. ಇನ್ನು ಮುಂದೆ ಅವಳ ಫೋನಿಗೇ ಬರೆ.

ಲಗ್ನ ಚೆನ್ನಾಗಿ ಆಯಿತು. ಇಪ್ಪತ್ತೆಂಟು ಜೋಡಿ. ಎಲ್ಲ ಹುಡುಗಿಯರಿಗೂ ಮಠದವರು ಒಂದೇ ಬಣ್ಣದ ಸೀರೆ ಕೊಟ್ಟಿದ್ದರು, ಬಾಸಿಂಗ ಕಟ್ಟಿದ ಮೇಲೆ ಯಾರು ಯಾರೆಂದು ತಿಳಿಯದು. ಸೆರಗಿಗೆ ಚೀಟಿ ಹಚ್ಚಿದ್ದರು, ನಮ್ಮವಳದು ಹತ್ತೊಂಬತ್ತು. ಹತ್ತೊಂಬತ್ತು ಎಲ್ಲಿ ಎಂದು ಹುಡುಕಿ ಹೋಗಿ ಅಕ್ಕಿಕಾಳು ಹಾಕಿದೆ. ಬಿಸಿಲು ಅಂದರೆ ಬಿಸಿಲು.

ಸಂಜೆ ಮುಯ್ಯಿಗೆ ಮಂದಿ ಮುಕುರಿದರು. ಬೇಡ ಬೇಡ ಎಂದಿದ್ದ ಮುರ್ತುಜಸಾಬನೇ ಪೆನ್ನು ಹಿಡಿದು ಬರೆಯಲು ಕೂತ. ಕಮತಗಿಯ ಸಂಗವ್ವ ಕೋಲೂರಿಕೊಂಡು ಬಂದಿದ್ದಳು. “ನನ್ನ ಮಗಳ ಲಗ್ನದಾಗ ನೀ ಐವತ್ತೊಂದು ಬರೆಸಿದ್ದಿಪ್ಪಾ, ನಾ ಮರತಿಲ್ಲ” ಎಂದು ಸೆರಗಿನ ಗಂಟು ಬಿಚ್ಚಿ ಐನೂರಾ ಒಂದು ಕೊಟ್ಟಳಂತೆ. ಸಾಮೂಹಿಕದಲ್ಲಿ ಲಗ್ನ ಮಾಡಿ ಮನೆಯಲ್ಲಿ ಮುಯ್ಯಿ ಕೊಳ್ಳುತ್ತಾನೆ ಎಂದು ಆಡಿಕೊಂಡವರೂ ಇದ್ದರಂತೆ. ನನಗೆ ಕೇಳಿಸಲಿಲ್ಲ, ದೇವರು ದೊಡ್ಡವನು.

ಏಳು ಲಕ್ಷಕ್ಕೆ ಸ್ವಲ್ಪ ಕಡಿಮೆ ಬಿತ್ತು. ಎರಡು ಮಗ್ಗದಲ್ಲಿ ಒಂದನ್ನು ಕೊಟ್ಟೆ, ಬೈಯಬೇಡ. ಸೋಮವಾರ ಬ್ಯಾಂಕಿನಿಂದ ಕಳಿಸುತ್ತೇನೆ. ಮಂದಿಯ ಈ ಮುಯ್ಯಿಯನ್ನು ಇನ್ನು ಇಪ್ಪತ್ತು ವರ್ಷ ನಾನು ಲಗ್ನ ಲಗ್ನಕ್ಕೆ ಹೋಗಿ ತೀರಿಸಬೇಕು, ತೀರಿಸುತ್ತೇನೆ.

ಕಳಿಸಿಕೊಡುವಾಗ ಮಹಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಏನೇನೋ ಹೇಳಿದಳು. ಬಾಯಿ ಆಡುವುದು ಕಂಡಿತು. ಗಂಡನ ಮನೆಗೆ ಹೋಗುವಾಗ ಎಲ್ಲ ಹೆಣ್ಣುಮಕ್ಕಳೂ ಅಳುತ್ತಾರೆ. ತಲೆಯ ಮೇಲೆ ಕೈಯಿಟ್ಟು ಕಳಿಸಿದೆ.

ನಿನ್ನ ಅಪ್ಪ,
ಶ್ರೀಶೈಲ


ಕಮತಗಿ
೮ ಮೇ ೨೦೨೫

ಅಕ್ಕಾ,

ಅಪ್ಪನಂಗ ಪುಸ್ತಕದ ಭಾಷಿ ನನಗ ಬರೂದಿಲ್ಲ. ಬಾಯಿಗೆ ಬಂದಂಗ ಬರೀತೇನಿ.

ನೀ ಕೇಳಿದ್ದು ಹೌದು, ನಾ ತೋರಿಸಿಲ್ಲ. ನಿನ್ನ ಎರಡೂ ಪತ್ರ ಅಪ್ಪ ನೋಡಿಲ್ಲ. ಸುಮ್ಮನಿರು ಅಂತ ಅಪ್ಪ ಅಂದಿಲ್ಲ, ನಾನ ಬರದೆ.

ಅವತ್ತ ಬಾಗಲಕೋಟ್ಯಾಗ ಪ್ರಿಂಟ್ ತಗಿಸಿದೆ. ಅಲ್ಲೇ ನಿಂತ ಓದಿದೆ. ಝೆರಾಕ್ಸ್ ಅಂಗಡ್ಯಾಂವ “ಯಾಕ್ರಿ, ನೀರ ಬೇಕೇನ್ರಿ” ಅಂದ. ಓಡಿ ಬಸ್ ಹಿಡದು ಮನಿಗೆ ಬಂದೆ. ಅಪ್ಪ ಕಟ್ಟಿ ಮ್ಯಾಲ ಕುಂತಿದ್ದ, ಸುತ್ತ ಮಂದಿ. “ನನ್ನ ದಾನವ್ವ ಸಪ್ಪಳ ಇಲ್ಲದ ಮಗ್ಗಾ ಮಾಡಿ ತರ್ತಾಳ, ನಿಮ್ಮ ಮಕ್ಕಳ ಕಿವಿ ಉಳೀತಾವ” ಅಂತ ಹೇಳಾಕತ್ತಿದ್ದ. ಆತಗ ತನ್ನ ದನಿನೂ ಕೇಳಸೂದಿಲ್ಲಲ್ಲ, ಇಡೀ ಓಣಿಗೆ ಕೇಳೂವಂಗ ಒದರಾಕತ್ತಿದ್ದ. ನಾ ಆ ಹಾಳಿ ಕುಬಸದಾಗ ಇಟಗೊಂಡು ಒಳಗ ಹೋಗಿ ಶಾವಿಗಿ ಹೊಸ್ಯಾಕ ಕುಂತೆ.

ಬರೇ ಅಪ್ಪನ ಸಲುವಾಗಿ ಅಂತ ತಿಳಕೋಬ್ಯಾಡ. ನನಗ ಸಿಟ್ಟ ಬಂದಿತ್ತು. ಪತ್ರಿಕಿ ಹಂಚ್ಯಾರ, ಅರಿಷಿಣ ಕುಟ್ಟ್ಯಾರ, ಈಗ ನೀ ಬ್ಯಾಡಂತಿ. ಲಗ್ನ ಮುರದ ಹುಡುಗಿ ಅಂತ ಹೆಸರ ಬರೂದು ನನಗ, ನಿನಗಲ್ಲ. ಜನವರ್ಯಾಗ ಒಂದ ಮಾತ ಹೇಳಿದ್ರ ಸಾಕಿತ್ತು. ಎಷ್ಟ ಪತ್ರ ಬರದಿ, ಒಂದರಾಗೂ ಹೇಳಲಿಲ್ಲ.

ಕಳಿಸುವಾಗ ಅಪ್ಪನ ಕೈ ಹಿಡದು ಎಲ್ಲಾ ಹೇಳಿದೆ. ಅಕ್ಕ ಫೇಲಾಗ್ಯಾಳ ಅಪ್ಪಾ, ಮೂರ ಸಲ ಫೇಲಾಗ್ಯಾಳ, ನನ್ನ ಕಳಸಬ್ಯಾಡ ಅಂದೆ. ಕೇಳಸೂದಿಲ್ಲಂತ ಗೊತ್ತಿದ್ದ ಹೇಳಿದೆ. ತಲಿ ಮ್ಯಾಲ ಕೈ ಇಟ್ಟ.

ಇಲ್ಲಿ ಯಾರೂ ಕೆಟ್ಟವರಲ್ಲ. ಜೂನ್ ಮೂರರಿಂದ ಪರೀಕ್ಷಾ ಅದಾವು ಅಂದೆ. ನಮ್ಮತ್ತಿ “ಈಗ್ಯಾಕ ಅದೆಲ್ಲಾ?” ಅಂದ್ರು. ಇವರು “ನೋಡೂಣು” ಅಂದ್ರು. ನೋಡೂಣು ಅಂದ್ರ ಏನಂತ ನನಗ ಗೊತ್ತೈತಿ.

ರೊಕ್ಕಾ ತಿರುಗಿ ಕಳಸಬ್ಯಾಡ, ಅಪ್ಪ ಎದಿ ಒಡಕೊಂತಾನ. ಪಾಸಾದೆ ಅಂತ ಬರಿ. ಬ್ಯಾರೆ ಏನರ ಓದು, ಇಲ್ಲಾ ಬಿಡು, ನಿನ್ನಿಚ್ಛಾ.

ನಿನಗ ಮೂರ ಸಲ ಕೊಟ್ರು ಅಕ್ಕಾ. ನನಗ ಒಂದ ಸಲನೂ ಇಲ್ಲ.

ಮಹಿ


ಜರ್ಮನಿ
೧೫ ಮೇ ೨೦೨೫

ಅಪ್ಪಾ,

ಹಣ ಬಂತು. ಪರೀಕ್ಷೆ ಪಾಸಾದೆ.

ಈಗ ನಾನು ಕೇಳಿದ್ದೊಂದನ್ನು ನೀ ಮಾಡಬೇಕು. ಯಾಕೆ ಎಂದು ಕೇಳಬಾರದು. ಮುಯ್ಯಿ ಯಾವ ಕಾರ್ಯಕ್ಕೆ ಹೋಯಿತೋ ಅಂಥದೇ ಕಾರ್ಯಕ್ಕೆ ತಿರುಗಿ ಬರಬೇಕು ಎಂದು ನೀನೇ ಬರೆದಿದ್ದೀ. ನನ್ನ ಓದಿಗೆ ಮುಯ್ಯಿ ಮಾಡಿದವಳು ಮಹಿ. ಅದು ಅವಳ ಓದಿಗೇ ತೀರಬೇಕು.

ಜೂನ್ ಮೂರಕ್ಕೆ ಅವಳ ಪರೀಕ್ಷೆ. ಹಿಂದಿನ ದಿನವೇ ನೀನು ಕಮತಗಿಗೆ ಹೋಗು. ಬೀಗರು ಏನೇನೋ ಹೇಳುತ್ತಾರೆ. ಯಾರಾದರೂ ರಟ್ಟಿನ ಮೇಲೆ ಬರೆದು ತೋರಿಸಿದರೆ ಚಶ್ಮಾ ಮರೆತು ಬಂದೇನಿ ಅನ್ನು. ಅವಳನ್ನು ಕರೆದುಕೊಂಡು ಬಾಗಲಕೋಟೆಯ ಬಸ್ಸು ಹತ್ತು. ಎಷ್ಟು ದಿನ ಪರೀಕ್ಷೆ ಇದೆಯೋ ಅಷ್ಟೂ ದಿನ ಕಾಲೇಜಿನ ಹೊರಗೆ ಕೂತಿರು. ಕೊನೆಯ ದಿನದವರೆಗೆ ಅವಳನ್ನು ಏನೂ ಕೇಳಬೇಡ.

ಕೊನೆಯ ಪೇಪರು ಮುಗಿಸಿ ಬಂದ ಮೇಲೆ ಅವಳ ಕೈಗೆ ಒಂದು ರಟ್ಟು, ಒಂದು ಪೆನ್ನು ಕೊಡು. ಕಳಿಸಿಕೊಡುವಾಗ ನಿನ್ನ ಕೈ ಹಿಡಿದು ಏನು ಹೇಳಿದಳೋ ಅದನ್ನು ಬರೆ ಎಂದು ಹೇಳು.

ಅವಳು ಬರೆದದ್ದನ್ನು ನಂಬು ಅಪ್ಪಾ. ಈ ಪತ್ರದ ಮೊದಲ ಸಾಲನ್ನಲ್ಲ.

ನಿನ್ನ,
ದಾನೇಶ್ವರಿ